ದುರ್ಬಲ ಪ್ಲೇಗ್ ತಳಿಗೆ ಕಬ್ಬಿಣ ಸಿಕ್ಕ ಬಗೆ: ಷಿಕಾಗೋ, 2009ರ ಒಂದು ಪ್ರಕರಣ

2009ರ ಸೆಪ್ಟೆಂಬರ್ 10. ಅಮೆರಿಕದ ಷಿಕಾಗೋ ನಗರದ ಒಂದು ಕ್ಲಿನಿಕ್ಕಿಗೆ 60 ವರ್ಷದ ವಿಜ್ಞಾನಿಯೊಬ್ಬರು ಬಂದರು. ಸುಮಾರು ಮೂರು ದಿನದಿಂದ ಜ್ವರ, ಮೈಕೈ ನೋವು, ಕೆಮ್ಮು. ಅದು ಎಚ್1ಎನ್1 ಜ್ವರ ಜಗತ್ತಿಗೆಲ್ಲ ಹಬ್ಬಿದ್ದ ವರ್ಷ. ಇದೂ ಫ್ಲೂ ಅಥವಾ ಅಂಥದ್ದೇ ಇನ್ನೊಂದು ಸೋಂಕು ಇರಬೇಕು ಅಂತ ವೈದ್ಯರಿಗೆ ಅನ್ನಿಸಿತು. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ ತೋರಿಸಿಕೊಳ್ಳಿ ಎಂದು ಹೇಳಿ ಕಳಿಸಿದರು. 13ನೇ ತಾರೀಕು ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಬರುವ ಹೊತ್ತಿಗೆ ಉಸಿರಾಡುವುದೇ ಕಷ್ಟವಾಗಿತ್ತು. ಅವತ್ತೇ ತೀರಿಕೊಂಡರು.

ಅವರ ರಕ್ತದಲ್ಲಿ ಬೆಳೆದ ಬ್ಯಾಕ್ಟೀರಿಯಾ ಯಾವುದು ಎಂದು ಪತ್ತೆಯಾಗಲು ಇನ್ನೂ ಕೆಲವು ದಿನ ಹಿಡಿಯಿತು. 18ರಂದು ಆಸ್ಪತ್ರೆಯವರು ನಗರದ ಆರೋಗ್ಯ ಇಲಾಖೆಗೆ ಸುದ್ದಿ ಮುಟ್ಟಿಸಿದರು. ಇದು ಪ್ಲೇಗ್ ಇರಬಹುದು, ಅದೂ ಪ್ರಯೋಗಾಲಯದಿಂದಲೇ ತಗುಲಿರಬಹುದು. ರೋಗಾಣುವಿನ ಹೆಸರು ಯೆರ್ಸಿನಿಯಾ ಪೆಸ್ಟಿಸ್. ತೀರಿಕೊಂಡವರು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅದೇ ರೋಗಾಣುವಿನ ಮೇಲೆ ಕೆಲಸ ಮಾಡುತ್ತಿದ್ದರು. ಅಮೆರಿಕದಲ್ಲಿ ಪ್ರಯೋಗಾಲಯದಿಂದ ಪ್ಲೇಗ್ ತಗುಲಿದ್ದು ಅದಕ್ಕೆ ಮುಂಚೆ 1959ರಲ್ಲಿ.

ಇಷ್ಟೇ ಆಗಿದ್ದರೆ ಇದನ್ನು ಒಂದು ಅಪಘಾತ ಎಂದು ಬರೆದು ಮುಗಿಸಬಹುದಿತ್ತು. ಆದರೆ ಅವರ ಕೈಯಲ್ಲಿದ್ದದ್ದು ಮಾಮೂಲಿ ಪ್ಲೇಗ್ ರೋಗಾಣು ಅಲ್ಲ. ಕಿಮ್ ಡಿ27 ಎಂಬ ದುರ್ಬಲ ತಳಿ. ಆ ತಳಿಯಿಂದ ಅದುವರೆಗೆ ಯಾವ ಮನುಷ್ಯನೂ ಸತ್ತ ದಾಖಲೆ ಇರಲಿಲ್ಲ, ಪ್ರಯೋಗಾಲಯದಲ್ಲಿ ಯಾರಿಗೂ ತಗುಲಿದ ದಾಖಲೆಯೂ ಇರಲಿಲ್ಲ. ಅಮೆರಿಕ ಸರ್ಕಾರ ಅಪಾಯಕಾರಿ ಜೀವಿಗಳ ಒಂದು ಪಟ್ಟಿ ಇಟ್ಟಿದೆ. ಬಲವಾದ ಪ್ಲೇಗ್ ತಳಿಗಳೆಲ್ಲ ಅದರಲ್ಲಿವೆ. ಆದರೆ ಈ ತಳಿಯನ್ನು ಅದರಿಂದ ಹೊರಗಿಟ್ಟಿದ್ದರು. ಅದು ದುರ್ಬಲ ಎಂದು ಎಲ್ಲರೂ ನಂಬಿದ್ದಕ್ಕೆ ಕಾರಣ ಒಂದೇ: ಮನುಷ್ಯನ ದೇಹದಿಂದ ಕಬ್ಬಿಣ ಕದಿಯುವ ಮುಖ್ಯ ಉಪಕರಣ ಅದಕ್ಕಿರಲಿಲ್ಲ.

ಹಾಗಾದರೆ ಅದಕ್ಕೆ ಕಬ್ಬಿಣ ಸಿಕ್ಕಿದ್ದು ಎಲ್ಲಿಂದ?

ಖಾಲಿ ಇರುವ ಸೀಟುಗಳು

ವಯಸ್ಕ ಮನುಷ್ಯನ ಮೈಯಲ್ಲಿ ಮೂರ್ನಾಲ್ಕು ಗ್ರಾಂ ಕಬ್ಬಿಣವಿರುತ್ತದೆ. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲೇ ಇದೆ. ಒಂದು ಕೆಂಪು ಕಣದಲ್ಲಿ ಹಿಮೋಗ್ಲೋಬಿನ್ ಅಣುಗಳು ಸುಮಾರು 27 ಕೋಟಿ. ಒಂದೊಂದು ಅಣುವಿಗೂ ನಾಲ್ಕು ಕಬ್ಬಿಣದ ಪರಮಾಣು. ಅಂದರೆ ಒಂದೇ ಒಂದು ಕಣದೊಳಗೆ 100 ಕೋಟಿಗೂ ಜಾಸ್ತಿ.

ಬ್ಯಾಕ್ಟೀರಿಯಾಕ್ಕೂ ಕಬ್ಬಿಣ ಬೇಕೇ ಬೇಕು. ಉಸಿರಾಟಕ್ಕೆ, ಡಿಎನ್‌ಎ ಕಟ್ಟಲು, ಹತ್ತಾರು ಕಿಣ್ವಗಳಿಗೆ. ಒಂದು ಬ್ಯಾಕ್ಟೀರಿಯಾ ಎರಡಾಗಬೇಕಾದರೆ ಲಕ್ಷಗಟ್ಟಲೆ ಕಬ್ಬಿಣದ ಪರಮಾಣುಗಳನ್ನು ಒಟ್ಟು ಮಾಡಿಕೊಳ್ಳಬೇಕು. ಅದಕ್ಕೆ ನಮ್ಮ ರಕ್ತಕ್ಕಿಂತ ಒಳ್ಳೆಯ ಉಗ್ರಾಣ ಇನ್ನೆಲ್ಲಿದೆ ಅಲ್ವಾ?

ಆದರೆ ಈ ಉಗ್ರಾಣದಲ್ಲಿ ಒಂದು ಕಾಳೂ ಹೊರಗೆ ಬಿದ್ದಿರುವುದಿಲ್ಲ. ಹಿಮೋಗ್ಲೋಬಿನ್ ಕೆಂಪು ಕಣದೊಳಗೆ ಬಂದ್. ಕಣ ಒಡೆದು ಹಿಮೋಗ್ಲೋಬಿನ್ ಹೊರಗೆ ಬಂದರೆ ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನು ಅದನ್ನು ತಬ್ಬಿ ಹಿಡಿಯುತ್ತದೆ. ಹಿಮೋಗ್ಲೋಬಿನ್‌ನಿಂದ ಕಬ್ಬಿಣವಿರುವ ಹೀಮ್ ಕಳಚಿಕೊಂಡರೆ ಹಿಮೋಪೆಕ್ಸಿನ್ ಹಿಡಿಯುತ್ತದೆ. ಜೀವಕೋಶದೊಳಗಿನ ದಾಸ್ತಾನು ಫೆರಿಟಿನ್ ಎಂಬ ಪೊಳ್ಳು ಗೋಳದೊಳಗೆ. ರಕ್ತದ ದ್ರವದಲ್ಲಿ ಓಡಾಡುವ ಕಬ್ಬಿಣವನ್ನು ಹೊತ್ತೊಯ್ಯುವುದು ಟ್ರಾನ್ಸ್‌ಫೆರಿನ್.

ಈ ಟ್ರಾನ್ಸ್‌ಫೆರಿನ್ ಬಗ್ಗೆ ಸ್ವಲ್ಪ ನಿಂತು ನೋಡಬೇಕು. ಇಡೀ ಪ್ರಕರಣದ ಕೀಲಿ ಅದರಲ್ಲೇ ಇದೆ. ಒಂದೊಂದು ಟ್ರಾನ್ಸ್‌ಫೆರಿನ್ ಅಣುವಿಗೂ ಎರಡು ಸೀಟು, ಅಂದರೆ ಎರಡು ಕಬ್ಬಿಣದ ಪರಮಾಣು ಕೂರುವಷ್ಟು ಜಾಗ. ಆರೋಗ್ಯವಂತರ ರಕ್ತದಲ್ಲಿ ಈ ಸೀಟುಗಳಲ್ಲಿ ತುಂಬಿರುವುದು ಸುಮಾರು ಮೂರನೇ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ಖಾಲಿ. ಮೊದಲ ಸಲ ಓದುವಾಗ ಇದು ವ್ಯರ್ಥ ಅನ್ನಿಸಬಹುದು. ಖಂಡಿತ ಅಲ್ಲ. ಎಲ್ಲಿಂದಲಾದರೂ ಒಂದು ಪರಮಾಣು ಸಡಿಲವಾಗಿ ಬಂದರೆ ಆ ಖಾಲಿ ಸೀಟು ಅದನ್ನು ತಕ್ಷಣ ಕೂರಿಸಿಕೊಳ್ಳುತ್ತದೆ. ಅದರ ಹಿಡಿತ ಎಷ್ಟು ಬಿಗಿ ಅಂದರೆ, ಒಂದು ಲೀಟರ್ ರಕ್ತದ್ರವದಲ್ಲಿ ಯಾರ ಕೈಯಲ್ಲೂ ಇಲ್ಲದ ಕಬ್ಬಿಣದ ಪರಮಾಣು ಲೆಕ್ಕದ ಪ್ರಕಾರ ಒಂದೂ ಇರುವುದಿಲ್ಲ. ಸಡಿಲ ಕಬ್ಬಿಣ ನಮ್ಮ ಜೀವಕೋಶಗಳಿಗೂ ವಿಷವೇ. ಹಾಗಾಗಿ ಈ ಬಿಗಿ ಎರಡು ಕಡೆಯಿಂದಲೂ ನಮ್ಮನ್ನು ಕಾಯುತ್ತದೆ.

ಇದು ಮೊದಲು ಗೊತ್ತಾದದ್ದು ಹಸಿ ಮೊಟ್ಟೆಯ ಬಿಳಿಯಿಂದ. ಅದರಲ್ಲಿ ಬ್ಯಾಕ್ಟೀರಿಯಾ ಯಾಕೆ ಬೆಳೆಯುವುದಿಲ್ಲ ಎಂದು ಶೇಡ್ ಮತ್ತು ಕ್ಯಾರೊಲಿನ್ ಎಂಬ ಇಬ್ಬರು ಹುಡುಕಿದರು. 1944ರಲ್ಲಿ ಉತ್ತರ ಸಿಕ್ಕಿತು: ಬಿಳಿಯಲ್ಲಿರುವ ಒಂದು ಪ್ರೋಟೀನು ಕಬ್ಬಿಣವನ್ನೆಲ್ಲ ಹಿಡಿದಿಟ್ಟುಕೊಂಡಿದೆ. ಸ್ವಲ್ಪ ಕಬ್ಬಿಣ ಬೆರೆಸಿದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಎರಡು ವರ್ಷದ ನಂತರ ಮನುಷ್ಯರ ರಕ್ತದಲ್ಲೂ ಅಂಥದ್ದೇ ಪ್ರೋಟೀನು ಇದೆ ಎಂದು ಅವರೇ ತೋರಿಸಿದರು.

ಸೋಂಕು ತಗುಲಿದಾಗ ದೇಹ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಕರುಳಿನಿಂದ ರಕ್ತಕ್ಕೆ ಕಬ್ಬಿಣ ಬರುವ ಬಾಗಿಲು ಮುಚ್ಚುತ್ತದೆ, ದಾಸ್ತಾನಿನ ಬಾಗಿಲೂ ಮುಚ್ಚುತ್ತದೆ. ಕೆಲವೇ ಗಂಟೆಗಳಲ್ಲಿ ರಕ್ತದ ಕಬ್ಬಿಣ ಇಳಿಯುತ್ತದೆ. ರೋಗಾಣುವನ್ನು ಹಸಿವಿಗೆ ಕೆಡವುವ ಉಪಾಯ ಇದು.

ಕದಿಯುವ ದಾರಿಗಳು

ಇಷ್ಟು ಕಾವಲಿದ್ದರೂ ಮನುಷ್ಯರಿಗೆ ಸೋಂಕು ಆಗುತ್ತಲೇ ಇದೆ. ಯಾಕೆಂದರೆ ರಕ್ತದಲ್ಲಿ ಬದುಕುವ ರೋಗಾಣುಗಳು ಈ ಕಾವಲನ್ನು ದಾಟುವುದನ್ನು ಚೆನ್ನಾಗಿ ಕಲಿತಿವೆ.

ಸ್ಟ್ಯಾಫಿಲೋಕಾಕಸ್ ಆರಿಯಸ್ ನೇರ ಹಿಮೋಗ್ಲೋಬಿನ್‌ಗೇ ಕೈ ಹಾಕುತ್ತದೆ. ಮೊದಲು ತನ್ನ ವಿಷದಿಂದ ಕೆಂಪು ಕಣದ ಪೊರೆಯಲ್ಲಿ ತೂತು ಮಾಡಿ ಒಡೆಯುತ್ತದೆ. ಹೊರಗೆ ಚೆಲ್ಲಿದ ಹಿಮೋಗ್ಲೋಬಿನ್‌ಅನ್ನು ತನ್ನ ಗೋಡೆಯ ಮೇಲಿನ ಪ್ರೋಟೀನುಗಳಿಂದ ಹಿಡಿಯುತ್ತದೆ. ಅದರಿಂದ ಹೀಮ್ ಕಿತ್ತು, ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟಿಸುತ್ತಾ ದಪ್ಪ ಗೋಡೆಯ ಮೂಲಕ ಒಳಗೆ ತರುತ್ತದೆ. ಒಳಗಿನ ಕಿಣ್ವ ಹೀಮ್‌ನ ಉಂಗುರವನ್ನು ಒಡೆದಾಗ ಕಬ್ಬಿಣ ಸಿಗುತ್ತದೆ. ಬಾವಿಯಿಂದ ಮನೆಗೆ ಸಾಲಾಗಿ ನಿಂತು ಕೊಡ ದಾಟಿಸುತ್ತಾರಲ್ಲ, ಹಾಗೆ. ಈ ಸಾಲನ್ನು ಐಎಸ್‌ಡಿ ವ್ಯವಸ್ಥೆ ಎನ್ನುತ್ತಾರೆ. ಇದನ್ನು 2003ರಲ್ಲಿ ಬಿಡಿಸಿಟ್ಟವರು ಷಿಕಾಗೋ ವಿಶ್ವವಿದ್ಯಾಲಯದ ಓಲಾಫ್ ಶ್ನೀವಿಂಡ್ ಅವರ ತಂಡ. ಅವರ ಹೆಸರು ಈ ಪ್ರಕರಣದಲ್ಲಿ ಮುಂದೆ ಮತ್ತೆ ಬರುತ್ತದೆ. ಇನ್ನೂ ಒಂದು ಮಾತು: ಹಿಮೋಗ್ಲೋಬಿನ್ ಹಿಡಿಯುವ ಆ ಪ್ರೋಟೀನು ಇಲಿಯ ಹಿಮೋಗ್ಲೋಬಿನ್‌ಗಿಂತ ಮನುಷ್ಯನದ್ದನ್ನೇ ಚೆನ್ನಾಗಿ ಹಿಡಿಯುತ್ತದೆ. ನಮಗೇ ಅಂತ ಹೊಂದಿಸಿಕೊಂಡ ಕೈ ಅದು.

ಮೆನಿಂಜೈಟಿಸ್ ಮತ್ತು ಗೊನೊರಿಯಾ ತರುವ ನೈಸೀರಿಯಾಗಳು ಟ್ರಾನ್ಸ್‌ಫೆರಿನ್ ಅನ್ನೇ ಹಿಡಿದು ಅದರ ಸೀಟಿನಿಂದ ಕಬ್ಬಿಣವನ್ನು ಎಳೆದುಕೊಳ್ಳುತ್ತವೆ. ಇವಕ್ಕೂ ಮನುಷ್ಯನ ಟ್ರಾನ್ಸ್‌ಫೆರಿನ್ನೇ ಬೇಕು. ಲೈಮ್ ರೋಗದ ಬೊರೆಲಿಯಾದ ದಾರಿಯಂತೂ ಬೇರೆಯೇ. ಅದು ಕಬ್ಬಿಣದ ಸಹವಾಸವನ್ನೇ ಬಿಟ್ಟು ಮ್ಯಾಂಗನೀಸ್‌ನಲ್ಲಿ ಕೆಲಸ ನಡೆಸಿಕೊಳ್ಳುತ್ತದೆ.

ಹೆಚ್ಚು ಬ್ಯಾಕ್ಟೀರಿಯಾಗಳು ಹಿಡಿದ ದಾರಿ ಸೈಡರೋಫೋರ್. ಇದು ಬ್ಯಾಕ್ಟೀರಿಯಾ ಒಳಗೆ ಕಟ್ಟಿ ಹೊರಗೆ ಬಿಡುವ ಚಿಕ್ಕ ಅಣು. ಕಬ್ಬಿಣ ಸಿಕ್ಕರೆ ಸುತ್ತಲಿಂದ ಅಮುಕಿ ಹಿಡಿಯುತ್ತದೆ. ಟ್ರಾನ್ಸ್‌ಫೆರಿನ್ ಕೈಯಿಂದಲೂ ಕಿತ್ತುಕೊಳ್ಳುವಷ್ಟು ಅದರ ಹಿಡಿತ ಜೋರು. ಕಬ್ಬಿಣ ತುಂಬಿಕೊಂಡ ಅಣುವನ್ನು ಬ್ಯಾಕ್ಟೀರಿಯಾದ ಮೇಲಿರುವ ಗ್ರಾಹಕವೊಂದು ಗುರುತಿಸಿ ಒಳಗೆ ಕರೆದುಕೊಳ್ಳುತ್ತದೆ. ನಮ್ಮ ಬಿಳಿ ರಕ್ತಕಣಗಳು ಸುಮ್ನೆ ಕೂತಿಲ್ಲ. ಅವು ಸೈಡರೋಕ್ಯಾಲಿನ್ ಎಂಬ ಪ್ರೋಟೀನನ್ನು ಬಿಟ್ಟು, ಇ. ಕೋಲೈಯಂಥವು ಮಾಡುವ ಎಂಟರೋಬ್ಯಾಕ್ಟಿನ್ ಎಂಬ ಸೈಡರೋಫೋರನ್ನು ದಾರಿಯಲ್ಲೇ ಹಿಡಿದುಹಾಕುತ್ತವೆ. ಅದಕ್ಕೆ ಸಾಲ್ಮೊನೆಲ್ಲಾ ಏನು ಮಾಡಿತು ಗೊತ್ತಾ? ಅದೇ ಅಣುವಿಗೆ ಸಕ್ಕರೆ ಅಂಟಿಸಿ, ಸೈಡರೋಕ್ಯಾಲಿನ್ ಕೈಗೆ ಸಿಗದ ಹಾಗೆ ಮಾಡಿಕೊಂಡಿತು.

ಪ್ಲೇಗ್ ರೋಗಾಣುವಿನ ಸೈಡರೋಫೋರಿಗೆ ಯೆರ್ಸಿನಿಯಾಬ್ಯಾಕ್ಟಿನ್ ಎಂದು ಹೆಸರು. ಅದರ ಆಕಾರವೇ ಬೇರೆ, ಹಾಗಾಗಿ ಸೈಡರೋಕ್ಯಾಲಿನ್‌ಗೆ ಸಿಗುವುದಿಲ್ಲ. ಚಿಗಟ ಕಚ್ಚಿ ಚರ್ಮದಡಿಗೆ ಬಂದ ರೋಗಾಣು ಅಲ್ಲಿಂದ ದುಗ್ಧಗ್ರಂಥಿಯ ಗಂಟಿಗೆ, ಆ ಗಂಟಿನಿಂದ ರಕ್ತಕ್ಕೆ ಹೋಗಬೇಕಾದರೆ ಮೊದಮೊದಲು ಇದೇ ಆಸರೆ.

ಕಳೆದುಹೋದ ತುಂಡು

ಕಿಮ್ ಡಿ27 ತಳಿಯಲ್ಲಿ ಇಲ್ಲದಿದ್ದದ್ದು ಇದೇ ಯೆರ್ಸಿನಿಯಾಬ್ಯಾಕ್ಟಿನ್. ಪ್ಲೇಗ್ ರೋಗಾಣುವಿನ ಡಿಎನ್‌ಎಯಲ್ಲಿ ಸುಮಾರು 1,02,000 ಅಕ್ಷರಗಳಷ್ಟು ಉದ್ದದ ಒಂದು ತುಂಡಿದೆ. ಅದರ ಎರಡೂ ತುದಿಯಲ್ಲಿ ಒಂದೇ ಥರದ ಸಾಲುಗಳಿವೆ. ಆ ಎರಡು ಸಾಲು ಒಂದಕ್ಕೊಂದು ಕೂಡಿಕೊಂಡರೆ ನಡುವಿನ ತುಂಡು ಪೂರ್ತಿ ಕಳಚಿ ಬೀಳುತ್ತದೆ. ಯೆರ್ಸಿನಿಯಾಬ್ಯಾಕ್ಟಿನ್ ಕಟ್ಟುವ ಜೀನ್‌ಗಳೂ, ಅದನ್ನು ಒಳಗೆ ಕರೆದುಕೊಳ್ಳುವ ಗ್ರಾಹಕದ ಜೀನೂ ಅದರ ಜೊತೆಗೆ ಹೋಗುತ್ತವೆ.

ಇದನ್ನು ಕಣ್ಣಿನಿಂದಲೇ ಗುರುತಿಸಬಹುದು. ಹೀಮ್‌ಗೆ ತೀರ ಹತ್ತಿರದ ಹೆಮಿನ್ ಬೆರೆಸಿದ ತಟ್ಟೆಯಲ್ಲಿ, ದೇಹಕ್ಕಿಂತ ಕಡಿಮೆ ಶಾಖದಲ್ಲಿ ಬೆಳೆಸಿದರೆ ಮಾಮೂಲಿ ಪ್ಲೇಗ್ ಹೆಮಿನ್ ಹೀರಿ ಕಪ್ಪಾಗುತ್ತದೆ. ತುಂಡು ಕಳೆದುಕೊಂಡದ್ದು ಬಿಳಿಚಿಕೊಂಡೇ ಇರುತ್ತದೆ. ಹಾಗಾಗಿ ಇಂಥವನ್ನು ಬಣ್ಣವಿಲ್ಲದ ತಳಿ ಎನ್ನುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು. ಬಣ್ಣ ಬರಿಸುವ ಜೀನ್‌ಗಳು ಬೇರೆ, ಕಬ್ಬಿಣ ಕದಿಯುವ ಜೀನ್‌ಗಳು ಬೇರೆ. ಬಣ್ಣದವು ಚಿಗಟದ ಹೊಟ್ಟೆಯಲ್ಲಿ ಅಂಟಿನ ಪದರ ಕಟ್ಟುವುದಕ್ಕೆ ಬೇಕಾದವು. ಎರಡೂ ಅಕ್ಕಪಕ್ಕದಲ್ಲಿರುವುದರಿಂದ ತುಂಡು ಬಿದ್ದಾಗ ಒಟ್ಟಿಗೆ ಹೋಗುತ್ತವೆ, ಅಷ್ಟೇ.

ಬಣ್ಣವಿಲ್ಲದ ತಳಿಗಳ ಮೇಲೆ ಜನ ಭರವಸೆ ಇಟ್ಟಿದ್ದಕ್ಕೆ ಕಾರಣವಿತ್ತು. 1926ರಲ್ಲಿ ಮಡಗಾಸ್ಕರ್‌ನಲ್ಲಿ ಸಿಕ್ಕ ಇವಿ ಎಂಬ ತಳಿಯನ್ನು ಜಿರಾರ್ ಮತ್ತು ರೋಬಿಕ್ ದುರ್ಬಲಗೊಳಿಸಿ ಜೀವಂತ ಲಸಿಕೆ ಮಾಡಿದರು. ಅದೂ ಇದೇ ತುಂಡು ಇಲ್ಲದ ತಳಿ. ಮಡಗಾಸ್ಕರ್‌ನಲ್ಲಿ, ಆಮೇಲೆ ಸೋವಿಯತ್ ಒಕ್ಕೂಟದಲ್ಲಿ ಅಸಂಖ್ಯ ಜನರಿಗೆ ಅದನ್ನು ಹಾಕಿದರು.

ಆದರೆ ಬೇರೆ ಮಾತು ಹೇಳುವ ಪ್ರಯೋಗವೂ ಇತ್ತು. 1956ರಲ್ಲಿ ಜ್ಯಾಕ್ಸನ್ ಮತ್ತು ಬರೋಸ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಬಣ್ಣವಿಲ್ಲದ ಪ್ಲೇಗನ್ನು ಇಲಿಗಳಿಗೆ ಚುಚ್ಚಿದರು. ಇಲಿಗಳು ಬದುಕಿಕೊಂಡವು. ಅದೇ ರೋಗಾಣುವಿನ ಜೊತೆ ಕಬ್ಬಿಣವನ್ನೂ ಕೊಟ್ಟರು. ಇಲಿಗಳು ಸತ್ತವು. ರೋಗಾಣುವಿನಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಇಲಿಯ ಮೈಯಲ್ಲಿದ್ದ ಕಬ್ಬಿಣ.

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಈ ಪ್ರಯೋಗ. ಷಿಕಾಗೋದ ಸಾವಿಗೆ 53 ವರ್ಷ ಮುಂಚೆಯೇ ಅದು ಅಚ್ಚಾಗಿತ್ತು. ಇಂಥದ್ದೇ ಇನ್ನೊಂದು ಸಂಗತಿಯೂ ಗೊತ್ತಿತ್ತು: ಈ ತಳಿಯನ್ನು ಚರ್ಮದಡಿಗೆ ಕೊಟ್ಟರೆ ಇಲಿ ಬದುಕುತ್ತದೆ, ನೇರ ರಕ್ತನಾಳಕ್ಕೆ ಕೊಟ್ಟರೆ ಸಾಯುತ್ತದೆ. ದುರ್ಬಲ ಎಂಬ ಮಾತನ್ನು ನಾವು ರೋಗಾಣುವಿನ ಗುಣ ಎಂಬಂತೆ ಬಳಸುತ್ತೇವೆ. ಆದರೆ ಕಿಮ್ ಡಿ27 ದುರ್ಬಲವಾಗಿದ್ದದ್ದು ಟ್ರಾನ್ಸ್‌ಫೆರಿನ್ ಸೀಟುಗಳು ಖಾಲಿ ಇರುವ ಮೈಯಲ್ಲಿ. ಅದರ ಅರ್ಧ ದೌರ್ಬಲ್ಯ ನಮ್ಮ ರಕ್ತದ್ದು.

ಮರಣೋತ್ತರ ಪರೀಕ್ಷೆ ಹೇಳಿದ್ದು

ತನಿಖೆ ಶುರುವಾದಾಗ ಮೊದಲು ಬಂದ ಅನುಮಾನ ಸಹಜವಾದದ್ದೇ. ಬೇರೊಂದು ಪ್ರಯೋಗಾಲಯದಲ್ಲಿ ಸಿಒ92 ಎಂಬ ಬಲವಾದ ತಳಿಯ ಮೇಲೆ ಬೇರೆಯವರ ಕೆಲಸ ನಡೆಯುತ್ತಿತ್ತು. ಅದೇನಾದರೂ ತಗುಲಿತೇ? ಅಥವಾ ದುರ್ಬಲ ತಳಿಯೇ ಹೇಗೋ ಕಳೆದ ತುಂಡನ್ನು ವಾಪಸ್ ಪಡೆಯಿತೇ? ಎರಡೂ ಅಲ್ಲ. ಅವರ ರಕ್ತದಿಂದ ತೆಗೆದ ರೋಗಾಣು ಬಣ್ಣವಿಲ್ಲದ ತಳಿಯೇ ಆಗಿತ್ತು. ತುಂಡು ಇಲ್ಲದೆಯೇ ಅದು ಕೊಂದಿತ್ತು.

ಉತ್ತರ ಸಿಕ್ಕಿದ್ದು ಅವರ ದೇಹದಲ್ಲಿ. ಲಿವರ್‌ನಲ್ಲಿ ಕಬ್ಬಿಣ ತುಂಬಿಹೋಗಿತ್ತು. ಅವರಿಗೆ ವಂಶದಿಂದ ಬಂದ ಹಿಮೋಕ್ರೊಮಟೋಸಿಸ್, ಅಂದರೆ ಮೈಯಲ್ಲಿ ಕಬ್ಬಿಣ ಅತಿಯಾಗಿ ಸೇರುವ ರೋಗ ಇತ್ತು. ಜೀನ್ ಪರೀಕ್ಷೆ ಅದನ್ನು ಖಚಿತಪಡಿಸಿತು. ಬದುಕಿರುವಾಗ ಆ ರೋಗ ಪತ್ತೆಯಾಗಿರಲೇ ಇಲ್ಲ.

ಉತ್ತರ ಯುರೋಪ್ ಮೂಲದವರಲ್ಲಿ ಈ ರೋಗಕ್ಕೆ ದಾರಿ ಮಾಡುವ ಜೀನ್ ಜೋಡಿ 200ರಿಂದ 300 ಜನರಿಗೆ ಒಬ್ಬರಲ್ಲಿ ಇರುತ್ತದೆ. ಎಚ್‌ಎಫ್‌ಇ ಎಂಬ ಆ ಜೀನನ್ನು 1996ರಲ್ಲಿ ಕಂಡುಹಿಡಿದರು. ಅದರಲ್ಲಿ ದೋಷವಿದ್ದರೆ ಮೈಯಲ್ಲಿ ಕಬ್ಬಿಣ ಸಾಕಷ್ಟಿದೆ ಎಂಬ ಸುದ್ದಿ ಲಿವರ್‌ಗೆ ಸರಿಯಾಗಿ ಮುಟ್ಟುವುದಿಲ್ಲ. ಹೆಪ್ಸಿಡಿನ್ ಕಡಿಮೆ ಬರುತ್ತದೆ. ಕರುಳಿನ ಬಾಗಿಲು ತೆರೆದೇ ಇರುತ್ತದೆ. ದೇಹಕ್ಕೆ ಹೆಚ್ಚಿನ ಕಬ್ಬಿಣವನ್ನು ಹೊರಹಾಕುವ ದಾರಿ ಇಲ್ಲ. ಹಾಗಾಗಿ ವರ್ಷವರ್ಷ ಸೇರುತ್ತಾ ಹೋಗಿ 20 ಗ್ರಾಂವರೆಗೂ, ಅದಕ್ಕಿಂತ ಜಾಸ್ತಿಯೂ ಆಗಬಹುದು. ಲಿವರ್, ಹೃದಯ, ಮೇದೋಜೀರಕ ಗ್ರಂಥಿಗಳಲ್ಲಿ ಕೂರುತ್ತದೆ. ಆಯಾಸ, ಕೀಲುನೋವು, ಮಧುಮೇಹ ಹೀಗೆ ಏನೇನೋ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಈ ವಿಜ್ಞಾನಿಗೂ ಇನ್ಸುಲಿನ್ ಬೇಕಾಗುವ ಮಧುಮೇಹವಿತ್ತು.

ಇನ್ನು ಟ್ರಾನ್ಸ್‌ಫೆರಿನ್ ಸೀಟುಗಳನ್ನು ನೆನಪಿಸಿಕೊಳ್ಳಿ. ಹಿಮೋಕ್ರೊಮಟೋಸಿಸ್ ಬಲಿತವರಲ್ಲಿ ಅವು ಹೆಚ್ಚುಕಡಿಮೆ ತುಂಬಿರುತ್ತವೆ. ಸಡಿಲ ಕಬ್ಬಿಣ ಬಂದರೆ ಕೂರಿಸಲು ಜಾಗವಿಲ್ಲ. ಅದು ರಕ್ತದಲ್ಲಿ ಅರ್ಧಂಬರ್ಧ ಹಿಡಿತದಲ್ಲಿ ಓಡಾಡುತ್ತಿರುತ್ತದೆ. ಸೋಂಕು ಬಂದಾಗ ಬಾಗಿಲು ಮುಚ್ಚಬೇಕಿದ್ದ ಹೆಪ್ಸಿಡಿನ್ನೂ ಸಾಲದು. ಟ್ರಾನ್ಸ್‌ಫೆರಿನ್ ಕೈಯಿಂದ ಕಿತ್ತುಕೊಳ್ಳುವ ಶಕ್ತಿ ಕಿಮ್ ಡಿ27ಗೆ ಇರಲಿಲ್ಲ, ನಿಜ. ಇಲ್ಲಿ ಕಿತ್ತುಕೊಳ್ಳುವ ಅಗತ್ಯವೇ ಬರಲಿಲ್ಲ. ಆ ತಳಿಯಲ್ಲಿ ಕಬ್ಬಿಣ ಒಳಗೆ ತರುವ ಬೇರೆ ಸಣ್ಣಪುಟ್ಟ ದಾರಿಗಳು ಉಳಿದೇ ಇದ್ದವು. ಹೀಮ್ ಹೀರುವ ವ್ಯವಸ್ಥೆಯೂ ಇತ್ತು, ಕಬ್ಬಿಣವನ್ನು ನೇರ ಸಾಗಿಸುವ ವೈಎಫ್‌ಇ ಎಂಬುದೂ ಇತ್ತು. ಅವೆರಡೂ ಕಳೆದ ತುಂಡಿನ ಹೊರಗಿದ್ದವು. ಬಡ ರಕ್ತದಲ್ಲಿ ಸಾಲದ ಆ ದಾರಿಗಳು ತುಂಬಿದ ರಕ್ತದಲ್ಲಿ ಸಾಕಾದವು ಎಂದು ಕಾಣುತ್ತದೆ.

ಮೈಯಲ್ಲಿ ಕಬ್ಬಿಣ ಹೆಚ್ಚಾದವರಿಗೆ ಸೋಂಕಿನ ಅಪಾಯ ಜಾಸ್ತಿ ಎಂಬುದು ವೈದ್ಯರಿಗೆ ಹೊಸದಲ್ಲ. ವಿಬ್ರಿಯೊ ವಲ್ನಿಫಿಕಸ್ ಎಂಬ ಕಡಲಿನ ಬ್ಯಾಕ್ಟೀರಿಯಾ ಹಿಮೋಕ್ರೊಮಟೋಸಿಸ್ ಇರುವವರ ರಕ್ತಕ್ಕೆ ಬಂದರೆ ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ಪ್ಲೇಗಿನ ಸಂಬಂಧಿ ಯೆರ್ಸಿನಿಯಾ ಎಂಟರೋಕೊಲಿಟಿಕಾದ ಕತೆ ಇನ್ನೂ ಯೋಚನೆಗೆ ಹಚ್ಚುವಂಥದ್ದು. ಹೆಚ್ಚಾದ ಕಬ್ಬಿಣ ತೆಗೆಯಲು ಕೊಡುವ ಡೆಫೆರಾಕ್ಸಮೈನ್ ಔಷಧ ಮೂಲತಃ ಮಣ್ಣಿನ ಬ್ಯಾಕ್ಟೀರಿಯಾವೊಂದರ ಸೈಡರೋಫೋರ್. ಅದನ್ನು ಹೀರಿಕೊಳ್ಳುವ ಗ್ರಾಹಕ ಈ ಯೆರ್ಸಿನಿಯಾದಲ್ಲಿದೆ. ರೋಗಿಗೆ ಕೊಟ್ಟ ಔಷಧವೇ ಅದಕ್ಕೆ ಕಬ್ಬಿಣ ತಂದುಕೊಡುತ್ತದೆ.

ಇನ್ನೂ ತೆರೆದಿರುವ ಪ್ರಶ್ನೆ

ರೋಗಾಣು ಅವರ ಮೈಯೊಳಗೆ ಹೋದದ್ದು ಹೇಗೆ ಎಂಬುದು ಕೊನೆಗೂ ಗೊತ್ತಾಗಲಿಲ್ಲ. ಅವರು ಕೈಗವಸು ಯಾವಾಗಲೂ ತಪ್ಪದೆ ಹಾಕುತ್ತಿರಲಿಲ್ಲ ಎಂದು ತನಿಖೆಯಲ್ಲಿ ತಿಳಿದುಬಂತು. ಚರ್ಮದ ಮೂಲಕ ಹೋಗಿರಬಹುದು. ಮಧುಮೇಹವೂ ತನ್ನ ಪಾಲು ಸೇರಿಸಿರಬಹುದು. ಒಬ್ಬ ಮನುಷ್ಯನ ಸಾವಿನಿಂದ ಇವನ್ನೆಲ್ಲ ಬೇರೆ ಬೇರೆ ತೂಗಲು ಆಗುವುದಿಲ್ಲ. ಕೈಗವಸಿನ ಮಾತು ಬಂದಾಗ ತಪ್ಪೆಲ್ಲ ಅವರದೇ ಎಂದು ಹೇಳುವುದು ಸುಲಭ. ನನಗೆ ಅದು ನ್ಯಾಯ ಅನ್ನಿಸುವುದಿಲ್ಲ. ಅಪಾಯವಿಲ್ಲ ಎಂದು ಎಲ್ಲರೂ ಒಪ್ಪಿದ್ದ ವಸ್ತುವಿನ ಮುಂದೆ ಯಾರ ಕೈಯಾದರೂ ಸ್ವಲ್ಪ ಸಡಿಲವಾಗುತ್ತದೆ. ತನ್ನ ರಕ್ತ ಬೇರೆಯವರ ರಕ್ತದ ಹಾಗಿಲ್ಲ ಎಂಬುದು ಅವರಿಗೇ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಚಿಕಿತ್ಸೆ ತೀರ ಸರಳ: ಆಗಾಗ ರಕ್ತ ತೆಗೆಯುವುದು. ಅರ್ಧ ಲೀಟರ್ ರಕ್ತ ತೆಗೆದರೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ಹಾಗೆ ತೆಗೆಯುತ್ತಾ ಹೋದರೆ ಸೀಟುಗಳು ಮತ್ತೆ ಖಾಲಿಯಾಗುತ್ತವೆ.

ಕಬ್ಬಿಣವೇ ಕಾರಣ ಎಂದು ತೋರಿಸಬೇಕಾದರೆ ಪ್ರಯೋಗ ಬೇಕಿತ್ತು. ಶ್ನೀವಿಂಡ್ ಅವರ ಹೆಸರು ಮತ್ತೆ ಬರುವುದು ಇಲ್ಲೇ. ಈ ಸಾವಿನ ಬಗ್ಗೆ 2011ರಲ್ಲಿ ಬಂದ ವರದಿಯ ಲೇಖಕರಲ್ಲಿ ಅವರೂ ಒಬ್ಬರು. ಮರುವರ್ಷ ಅವರ ತಂಡ ಇಲಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿತು. ಹಿಮೋಜುವೆಲಿನ್ ಎಂಬ ಜೀನ್ ಇಲ್ಲದ ಇಲಿಗಳಲ್ಲಿ ಹೆಪ್ಸಿಡಿನ್ ತೀರ ಕಡಿಮೆ, ಮೈತುಂಬ ಕಬ್ಬಿಣ. ಅಂಥ ಇಲಿಗಳಿಗೂ ಮಾಮೂಲಿ ಇಲಿಗಳಿಗೂ ಬಣ್ಣವಿಲ್ಲದ ಪ್ಲೇಗ್ ಕೊಟ್ಟರು. ಮಾಮೂಲಿ ಇಲಿಗಳು ಬದುಕಿದವು. ಕಬ್ಬಿಣ ತುಂಬಿದವು ಪ್ಲೇಗ್ ಬಂದು ಸತ್ತವು. 1956ರ ಇಲಿಗಳಿಗೆ ಹೊರಗಿನಿಂದ ಚುಚ್ಚಿದ ಕಬ್ಬಿಣ ಮಾಡಿದ್ದನ್ನೇ ಇಲ್ಲಿ ಹುಟ್ಟಿನಿಂದ ಬಂದ ಕಬ್ಬಿಣ ಮಾಡಿತು.

ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಜೀವಂತ ರೋಗಾಣು ಇಲ್ಲದ, ಅದರ ಪ್ರೋಟೀನಿನ ತುಂಡು ಮಾತ್ರ ಇರುವ ಲಸಿಕೆಯೊಂದನ್ನು ಅದೇ ಥರದ ಇಲಿಗಳಿಗೆ ಮೊದಲೇ ಹಾಕಿ ನೋಡಿದರು. ಪ್ಲೇಗ್ ರೋಗಾಣು ನಮ್ಮ ಬಿಳಿ ಕಣಗಳಿಗೆ ವಿಷ ಚುಚ್ಚಲು ಬಳಸುವ ಸೂಜಿಯನ್ನು ತಡೆಯುವ ಲಸಿಕೆ ಅದು. ಈ ಸಲ ಇಲಿಗಳಿಗೆ ರಕ್ಷಣೆ ಸಿಕ್ಕಿತು. ಹಿಮೋಕ್ರೊಮಟೋಸಿಸ್ ಇರುವವರಿಗೆ ಜೀವಂತ ಪ್ಲೇಗ್ ಲಸಿಕೆ ಕೊಡಬಾರದು, ಈ ಥರದ ಲಸಿಕೆಯಾದರೆ ಕಾಪಾಡಬಹುದು ಎಂದು ಅವರು ಬರೆದರು.